ಹಲ್ಲಿಗೆ ತುಂಬಿದ ಸಿಮೆಂಟಿಗೂ ಮುಪ್ಪುಂಟು

ಎರಡು ವರ್ಷಗಳ ಹಿಂದಿನ ಎಳ್ಳಮಾವಾಸ್ಯೆಯ ದಿನ. ಹೊಲದಲ್ಲಿ ಚರಗ ಚೆಲ್ಲಿ, ಬನ್ನಿಗಿಡದ ನೆರಳಿನಲ್ಲಿ ಮನೆಮಂದಿಯೆಲ್ಲ ಊಟಕ್ಕೆ ಕುಳಿತಿದ್ದೆವು. ಕಟಕ ಸಜ್ಜೆರೊಟ್ಟಿಯ ಎರಡನೆಯ ತುತ್ತಿಗೆ ನನ್ನ ಬಲಗಡೆಯ ಕೆಳದವಡೆಯಲ್ಲಿ ಕಟ್ಟೆಂದು ಸದ್ದಾಯಿತು. ಹಿಟ್ಟಿನಲ್ಲಿ ಹರಳು ಸಿಕ್ಕಿತೆಂದು ಭಾವಿಸಿ ಅಂಗೈಗೆ ಉಗುಳಿ ನೋಡಿದೆ. ಅದು ನನ್ನದೇ ದವಡೆಹಲ್ಲಿನ ಒಂದು ಪಕ್ಕದ ಗೋಡೆ. ಅದರೊಡನೆ 30 ವರ್ಷಗಳ ಹಿಂದೆ ತುಂಬಿಸಿಕೊಂಡಿದ್ದ ಬೆಳ್ಳಿಯ ಕಪ್ಪು ಚೂರು. ನೋವು ಎಳ್ಳಷ್ಟೂ ಇರಲಿಲ್ಲ. ನೀರು ಮುಕ್ಕಳಿಸಿ ಊಟ ಮುಗಿಸಿದೆ.

ನೋವಿಲ್ಲವೆಂಬ ಒಂದೇ ಕಾರಣಕ್ಕೆ ಎಂಟು ತಿಂಗಳು ಕಳೆದೆ. ಆಗೊಮ್ಮೆ ಈಗೊಮ್ಮೆ ಜುಮ್ಮೆಂದಾಗ ಹತ್ತಿಯಲ್ಲಿ ಲವಂಗದ ಎಣ್ಣೆ ಅದ್ದಿ ಇಟ್ಟುಕೊಂಡೆ. ಶ್ರಾವಣದಲ್ಲಿ ವಸಡು ಬಾತು, ಬೇರಿನ ಬಳಿ ಕೀವುಗಟ್ಟಿತು. ತಾಲ್ಲೂಕು ಕೇಂದ್ರದಲ್ಲಿ ದಂತವೈದ್ಯೆಯಾಗಿರುವ, ನನ್ನ ಹಳೆಯ ಸ್ನೇಹಿತರ ಮಗಳು ಎಕ್ಸ್‌ರೇ ತೆಗೆದು ನೋಡಿ, "ಒಡದ ದಿನಾನೇ ಬಂದಿದ್ರ ಉಳಿಸಬಹುದಿತ್ತು, ಕಾಕಾ. ನೋವಾಗಲಿಲ್ಲಂತ ಸುಮ್ಮನಿದ್ರಿ. ಈ ವಯಸ್ಸಿನ್ಯಾಗ ಹಲ್ಲು ಕೆಟ್ರೂ ಬಾಯಿಬಿಟ್ಟು ಹೇಳಂಗಿಲ್ರಿ" ಎಂದಳು. ಬಿರುಕು ಬೇರಿನವರೆಗೂ ಇಳಿದಿತ್ತು. ಹಲ್ಲನ್ನು ಕೀಳಿಸಬೇಕಾಯಿತು.

ನಲವತ್ತು ವರ್ಷಗಳಿಂದ ರೋಗಿಗಳಿಗೆ ದಂತಧಾವನ, ಕವಲ, ಗಂಡೂಷಗಳ ಮಹತ್ವವನ್ನು ಹೇಳುತ್ತ ಬಂದ ಆಯುರ್ವೇದ ವೈದ್ಯನಿಗೆ ಇದು ನಾಚಿಕೆಯ ಸಂಗತಿಯೇ ಸರಿ. ಆದರೆ ಆ ಮಗಳ ಮಾತಿನಲ್ಲಿ ಅಡಗಿದ್ದ ವಿಷಯ ನನ್ನೊಬ್ಬನದಲ್ಲ. ಐವತ್ತು ದಾಟಿದ ನಮ್ಮಲ್ಲಿ ಅನೇಕರ ಬಾಯಲ್ಲಿ ಹತ್ತು, ಇಪ್ಪತ್ತು ವರ್ಷಗಳ ಹಿಂದೆ ತುಂಬಿಸಿದ ಹಲ್ಲುಗಳಿವೆ. ಒಮ್ಮೆ ಸಿಮೆಂಟ್ ಹಾಕಿಸಿದರೆ ಆ ಹಲ್ಲಿನ ಚಿಂತೆ ತೀರಿತೆಂದು ನಾವು ತಿಳಿದಿರುತ್ತೇವೆ. ವಾಸ್ತವದಲ್ಲಿ ಹಲ್ಲಿಗೆ ತುಂಬಿದ ವಸ್ತುವಿಗೂ ಆಯಸ್ಸುಂಟು, ಮುಪ್ಪುಂಟು; ಅದು ಸವೆಯುತ್ತದೆ, ನೀರು ಹೀರುತ್ತದೆ, ಬಿರಿಯುತ್ತದೆ. ಆ ಮುಪ್ಪು ಹೇಗೆ ಬರುತ್ತದೆ, ಅದನ್ನು ಹೇಗೆ ಗುರುತಿಸಬೇಕು ಎಂಬುದನ್ನು ಸದ್ಭಕ್ತ ಬಂಧುಗಳಿಗೆ ತಿಳಿಸುವುದು ಈ ತಿಂಗಳ ಲೇಖನದ ಉದ್ದೇಶ.

ಪೂರಣ: ಹಳೆಯ ಕಲ್ಪನೆ, ಹೊಸ ವಸ್ತುಗಳು

ಹುಳುಕು ಹಲ್ಲನ್ನು ಆಯುರ್ವೇದವು ‘ಕೃಮಿದಂತ’ವೆಂದು ಕರೆಯುತ್ತದೆ. ಹುಳುಕಿನ ಕುಳಿಯನ್ನು ತುಂಬಬೇಕೆಂಬ ಕಲ್ಪನೆ ನಮ್ಮ ಪೂರ್ವಾಚಾರ್ಯರಿಗೂ ಇತ್ತು. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ, ಹಲ್ಲಿನ ರಂಧ್ರವನ್ನು ಬೆಲ್ಲದಿಂದ ಅಥವಾ ಜೇನುಮೇಣದಿಂದ ತುಂಬಿ ಸುಡುವ ಕ್ರಮವನ್ನು ಹೇಳಿದ್ದಾರೆ. ಎಕ್ಕದ ಹಾಲನ್ನು ತುಂಬುವ ಉಲ್ಲೇಖವೂ ಅಲ್ಲಿದೆ. ಅದು ಶೂಲವನ್ನು ಅಡಗಿಸಲು ಆ ಕಾಲದ ವೈದ್ಯರು ತಮ್ಮ ಕೈಯಿಂದಲೇ ಮಾಡುತ್ತಿದ್ದ ಚಿಕಿತ್ಸೆ. ಅದನ್ನು ಓದಿ ಯಾರೂ ಮನೆಯಲ್ಲಿ ಎಕ್ಕದ ಹಾಲನ್ನು ಹಲ್ಲಿಗೆ ಹಾಕಿಕೊಳ್ಳಬಾರದು. ವಸಡು, ನಾಲಗೆ ಸುಟ್ಟು ಹುಣ್ಣಾಗುತ್ತವೆ. ಅಗಿಯುವ ಭಾರವನ್ನು ವರ್ಷಗಟ್ಟಲೆ ಹೊರಬಲ್ಲ ವಸ್ತುಗಳು ದೊರೆತದ್ದು ಇತ್ತೀಚಿನ ಎರಡು ಶತಮಾನಗಳಲ್ಲಿ.

ಇಂದು ನಮ್ಮ ಜನರ ಬಾಯಲ್ಲಿ ಮುಖ್ಯವಾಗಿ ಮೂರು ಬಗೆಯ ತುಂಬುವಸ್ತುಗಳು ಕಾಣುತ್ತವೆ. ಮೊದಲನೆಯದು ಪಾದರಸ ಬೆರೆತ ಅಮಾಲ್ಗಮ್, ಜನರ ಬಾಯಲ್ಲಿ ‘ಬೆಳ್ಳಿ’. ಎರಡನೆಯದು ಹಲ್ಲಿನ ಬಣ್ಣದ ಕಾಂಪೋಸಿಟ್, ಅಂದರೆ ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡುವ ರಾಳ. ಮೂರನೆಯದು ಗ್ಲಾಸ್ ಅಯಾನೊಮರ್, ಅಂದರೆ ಪುಡಿ ಮತ್ತು ದ್ರವವನ್ನು ಕಲಸಿ ತುಂಬುವ ಸಿಮೆಂಟ್. ಮೂರಕ್ಕೂ ಮುಪ್ಪು ಬರುವ ರೀತಿ ಬೇರೆ ಬೇರೆ.

ಬಾಯೆಂಬ ಕಠಿಣ ಸ್ಥಾನ

ಮನೆಯ ಗಚ್ಚು ಬಿಸಿಲು ಮಳೆಗೆ ಬಿರಿಯುವುದನ್ನು ಕಂಡಿದ್ದೇವೆ. ಬಾಯೊಳಗಿನ ಸ್ಥಿತಿ ಅದಕ್ಕಿಂತ ಕಠಿಣ. ತುಂಬಿದ ವಸ್ತು ಹಗಲೂ ರಾತ್ರಿ ಸುಮಾರು 37 ಡಿಗ್ರಿ ಉಷ್ಣತೆಯ ಜೊಲ್ಲಿನಲ್ಲಿ ನೆನೆಯುತ್ತಲೇ ಇರುತ್ತದೆ. ಬಿಸಿ ಚಹಾದ ಹಿಂದೆಯೇ ತಣ್ಣೀರು ಬರುತ್ತದೆ. ಹುಣಸೆ, ನಿಂಬೆ, ಸೋಡಾಗಳ ಹುಳಿ ತಾಗುತ್ತದೆ. ಸಿಹಿ ತಿಂದಾಗ ಹಲ್ಲಿನ ಮೇಲಿನ ಪಾಚಿಯೊಳಗಿನ ಸೂಕ್ಷ್ಮಜೀವಿಗಳೇ ಹುಳಿಯನ್ನು ಹುಟ್ಟಿಸುತ್ತವೆ. ಇವೆಲ್ಲದರ ಮೇಲೆ ಅಗಿಯುವ ಪೆಟ್ಟು. ಆರೋಗ್ಯವಂತ ವಯಸ್ಕನೊಬ್ಬ ಬಲವಾಗಿ ಕಚ್ಚಿದಾಗ ಹಿಂದಿನ ದವಡೆಹಲ್ಲುಗಳ ಮೇಲೆ 50ರಿಂದ 70 ಕಿಲೋಗ್ರಾಂ ಭಾರಕ್ಕೆ ಸಮನಾದ ಒತ್ತಡ ಬೀಳಬಲ್ಲದು.

ಬಿಸಿ ಮತ್ತು ತಂಪಿನ ಪರಿಣಾಮವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಬಿಸಿಗೆ ಎಲ್ಲ ವಸ್ತುಗಳೂ ಹಿಗ್ಗುತ್ತವೆ, ತಂಪಿಗೆ ಕುಗ್ಗುತ್ತವೆ. ಆದರೆ ಹಲ್ಲು ಹಿಗ್ಗುವ ಪ್ರಮಾಣದ ಎರಡು ಪಟ್ಟಿಗಿಂತ ಹೆಚ್ಚು ಅಮಾಲ್ಗಮ್ ಹಿಗ್ಗುತ್ತದೆ. ಕಾಂಪೋಸಿಟ್ ಎರಡರಿಂದ ನಾಲ್ಕು ಪಟ್ಟಿನಷ್ಟು. ಗ್ಲಾಸ್ ಅಯಾನೊಮರ್ ಮಾತ್ರ ಹೆಚ್ಚುಕಡಿಮೆ ಹಲ್ಲಿನಷ್ಟೇ. ಪ್ರತಿ ಲೋಟ ಚಹಾದೊಡನೆ ಹಲ್ಲು ಮತ್ತು ತುಂಬುವಸ್ತು ಕೂಡುವ ಅಂಚಿನಲ್ಲಿ ಕೂದಲೆಳೆಗಿಂತ ಸೂಕ್ಷ್ಮವಾದ ಜಗ್ಗಾಟ ನಡೆಯುತ್ತದೆ. ಒಂದು ದಿನದಲ್ಲಿ ಅದರಿಂದ ಏನೂ ಆಗದು. ವರ್ಷಗಳಲ್ಲಿ ಅಂಚು ಸಡಿಲಗೊಳ್ಳುತ್ತದೆ.

ಪ್ರಯೋಗಾಲಯಗಳಲ್ಲಿ ಈ ಮುಪ್ಪನ್ನು ಬೇಗನೆ ಬರಿಸಿ ಪರೀಕ್ಷಿಸುತ್ತಾರೆ. ವಸ್ತುವಿನ ಸಣ್ಣ ಕಡ್ಡಿಗಳನ್ನು 37 ಡಿಗ್ರಿ ನೀರಿನಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. 5 ಡಿಗ್ರಿಯ ತಣ್ಣೀರಿಗೂ 55 ಡಿಗ್ರಿಯ ಬಿಸಿನೀರಿಗೂ ಸಾವಿರಾರು ಬಾರಿ ಅದ್ದಿ ತೆಗೆಯುತ್ತಾರೆ. ಇಂಥ 10,000 ಸುತ್ತುಗಳನ್ನು ಬಾಯಲ್ಲಿ ಕಳೆದ ಸುಮಾರು ಒಂದು ವರ್ಷಕ್ಕೆ ಸಮವೆಂದು ಎಣಿಸುವ ರೂಢಿಯಿದೆ. ಆಮೇಲೆ ಯಂತ್ರದಲ್ಲಿಟ್ಟು ಎಷ್ಟು ಒತ್ತಿದರೆ ಪುಡಿಯಾಗುತ್ತದೆ, ಎಷ್ಟು ಬಾಗಿಸಿದರೆ ಮುರಿಯುತ್ತದೆ ಎಂದು ಅಳೆಯುತ್ತಾರೆ. ಅಳತೆಯ ಮಾನ ಮೆಗಾಪಾಸ್ಕಲ್. ಒಂದು ಮೆಗಾಪಾಸ್ಕಲ್ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 10 ಕಿಲೋಗ್ರಾಂ ಭಾರ.

ಬೆಳ್ಳಿಯ ತುಂಬುವಸ್ತು: ಗಟ್ಟಿ, ಆದರೆ ಅಂಟದು

ಅಮಾಲ್ಗಮ್‌ನ ತೂಕದಲ್ಲಿ ಸುಮಾರು ಅರ್ಧ ಪಾದರಸ; ಉಳಿದದ್ದು ಬೆಳ್ಳಿ, ತವರ, ತಾಮ್ರಗಳ ಪುಡಿ. ಕಲಸಿದಾಗ ಮೆತ್ತಗಿರುವ ಈ ಮಿಶ್ರಣ ಕ್ರಮೇಣ ಗಟ್ಟಿಯಾಗಿ, ಪೂರ್ಣಬಲ ಪಡೆಯಲು ಸುಮಾರು 24 ಗಂಟೆ ಬೇಕು. ತುಂಬಿಸಿಕೊಂಡ ದಿನ ಆ ಕಡೆಯಿಂದ ಗಟ್ಟಿ ಪದಾರ್ಥ ಅಗಿಯಬೇಡಿರೆಂದು ದಂತವೈದ್ಯರು ಹೇಳುತ್ತಿದ್ದುದು ಇದಕ್ಕಾಗಿ. ತಾಮ್ರ ಹೆಚ್ಚಿರುವ ನಂತರದ ಮಿಶ್ರಣಗಳು ಪೂರ್ಣ ಗಟ್ಟಿಯಾದ ಮೇಲೆ 400 ಮೆಗಾಪಾಸ್ಕಲ್ ಅಥವಾ ಅದಕ್ಕೂ ಮಿಗಿಲಾದ ಒತ್ತಡವನ್ನು ತಾಳುತ್ತವೆ. ಆದರೆ ಎಳೆತವನ್ನು ತಾಳುವ ಶಕ್ತಿ ಅದರ ಹತ್ತನೆಯ ಒಂದು ಪಾಲಿಗಿಂತ ಸ್ವಲ್ಪವೇ ಹೆಚ್ಚು. ಆದ್ದರಿಂದ ತೆಳುವಾದ ಅಂಚುಗಳು ಮೊದಲು ಮುರಿಯುತ್ತವೆ.

ಇದರ ಮುಪ್ಪಿನಲ್ಲಿ ಒಂದು ವಿಚಿತ್ರವಿದೆ. ಜೊಲ್ಲಿನಲ್ಲಿ ಲೋಹ ನಿಧಾನವಾಗಿ ಕಿಲುಬುತ್ತದೆ. ಆ ಕಿಲುಬೇ ಹಲ್ಲಿಗೂ ಲೋಹಕ್ಕೂ ನಡುವಿನ ಸಂದನ್ನು ಮುಚ್ಚುತ್ತದೆ. ಹಳೆಯ ಬೆಳ್ಳಿ ಹಲವು ದಶಕ ಬಾಳುವುದಕ್ಕೆ ಇದೂ ಒಂದು ಕಾರಣ. ಆದರೆ ಅಮಾಲ್ಗಮ್ ಹಲ್ಲಿಗೆ ಅಂಟುವುದಿಲ್ಲ. ಕುಳಿಯ ಆಕಾರವೇ ಅದನ್ನು ಹಿಡಿದಿಟ್ಟಿರುತ್ತದೆ. ಅಳಿದುಳಿದ ಹಲ್ಲಿನ ಗೋಡೆಗಳಿಗೆ ಅದರಿಂದ ಆಸರೆ ಸಿಗದು. ಬದಲಿಗೆ ಮರ ಸೀಳಲು ಬಡಿಯುವ ಬೆಣೆಯಂತೆ ಪ್ರತಿ ಕಡಿತದಲ್ಲೂ ಗೋಡೆಗಳನ್ನು ಹೊರಕ್ಕೆ ನೂಕುತ್ತದೆ. ನನ್ನ ಬಾಯಲ್ಲಿ ನಡೆದದ್ದು ಇದೇ. ಬೆಳ್ಳಿ ಗಟ್ಟಿಯಾಗಿಯೇ ಇತ್ತು. ಸೋತದ್ದು ಸುತ್ತಲಿನ ಹಲ್ಲು.

ಪಾದರಸದ ಬಗ್ಗೆ ಭಕ್ತರು ಆಗಾಗ ಕೇಳುತ್ತಾರೆ. ಪಾದರಸವು ಪರಿಸರಕ್ಕೆ ಸೇರುವುದನ್ನು ತಡೆಯಲು 2013ರಲ್ಲಿ ಮಿನಮಾಟ ಒಪ್ಪಂದವಾಯಿತು. ಭಾರತ ಅದನ್ನು 2018ರಲ್ಲಿ ಅನುಮೋದಿಸಿತು. ದಂತಚಿಕಿತ್ಸೆಯಲ್ಲಿ ಅಮಾಲ್ಗಮ್ ಬಳಕೆಯನ್ನು ತಗ್ಗಿಸುವುದೂ ಆ ಒಪ್ಪಂದದ ಭಾಗ. ಯುರೋಪ್ ಒಕ್ಕೂಟದಲ್ಲಿ 2025ರ ಜನವರಿ 1ರಿಂದ, ವೈದ್ಯಕೀಯವಾಗಿ ಅನಿವಾರ್ಯವಾದ ಸಂದರ್ಭಗಳ ಹೊರತು, ಇದರ ಬಳಕೆ ನಿಂತಿದೆ. ಹಾಗೆಂದು ಬಾಯಲ್ಲಿ ಗಟ್ಟಿಯಾಗಿ ಕುಳಿತಿರುವ ಹಳೆಯ ಬೆಳ್ಳಿಯನ್ನು ಭಯಪಟ್ಟು ತೆಗೆಸುವ ಅಗತ್ಯವಿಲ್ಲ. ಕೊರೆದು ತೆಗೆಯುವಾಗಲೇ ಪಾದರಸದ ಆವಿ ಹೆಚ್ಚು ಹೊರಬರುತ್ತದೆ. ಜೊತೆಗೆ ಒಳ್ಳೆಯ ಹಲ್ಲೂ ಸ್ವಲ್ಪ ಹೋಗುತ್ತದೆ. ಒಡೆದಿದ್ದರೆ, ಅಂಚು ಬಿಟ್ಟಿದ್ದರೆ, ಕೆಳಗೆ ಹುಳುಕು ಹತ್ತಿದ್ದರೆ ಮಾತ್ರ ಬದಲಿಸುವುದು ಯೋಗ್ಯ.

ಹಲ್ಲಿನ ಬಣ್ಣದ ಕಾಂಪೋಸಿಟ್: ನೀರೇ ಶತ್ರು

ಹುಳಿಯಿಂದ ಹಲ್ಲಿನ ಮೇಲ್ಮೈಯನ್ನು ಒರಟುಗೊಳಿಸಿ ರಾಳವನ್ನು ಅಂಟಿಸಬಹುದೆಂದು ಅಮೆರಿಕದ ಮೈಕೆಲ್ ಬುವನಕೋರ್ 1955ರಲ್ಲಿ ತೋರಿಸಿದರು. ಅಲ್ಲಿಯವರೇ ಆದ ರಾಫೇಲ್ ಬೋವೆನ್ 1962ರಲ್ಲಿ ಹೊಸ ರಾಳವೊಂದಕ್ಕೆ ಹಕ್ಕುಪತ್ರ ಪಡೆದರು. ಇಂದಿನ ಬಹುಪಾಲು ಕಾಂಪೋಸಿಟ್‌ಗಳು ಈ ಎರಡರ ಸಂತತಿ.

ಇದರ ರಚನೆಯನ್ನು ನಮ್ಮ ಹಳೆಯ ಕಲ್ಲುಗೋಡೆಗೆ ಹೋಲಿಸಬಹುದು. ಗಾಜು ಮತ್ತು ಸಿಲಿಕಾದ ಅತಿ ಸಣ್ಣ ಕಣಗಳೇ ಕಲ್ಲುಗಳು. ನಡುವಿನ ರಾಳವೇ ಗಾರೆ. ಎರಡನ್ನೂ ಬೆಸೆಯಲು ಸಿಲೇನ್ ಎಂಬ ಅಂಟಿನ ತೆಳು ಲೇಪ. ಗೋಡೆಗೆ ನೀರು ಇಳಿದರೆ ಮೊದಲು ಗಾರೆ ಮೆತ್ತಗಾಗಿ, ಆಮೇಲೆ ಕಲ್ಲುಗಳು ಸಡಿಲವಾಗುತ್ತವೆ. ಕಾಂಪೋಸಿಟ್‌ನಲ್ಲೂ ಹಾಗೆಯೇ. ರಾಳವು ಜೊಲ್ಲಿನ ನೀರನ್ನು ಮೊದಲ ಕೆಲವು ವಾರಗಳಲ್ಲಿ ಹೆಚ್ಚಾಗಿ, ಬಳಿಕ ನಿಧಾನವಾಗಿ ಹೀರುತ್ತದೆ. ಸಿಲೇನ್ ಬೆಸುಗೆ ಕಾಲಕ್ರಮದಲ್ಲಿ ನೀರಿಗೆ ಬಿಚ್ಚಿಕೊಳ್ಳುತ್ತದೆ. ಜೊಲ್ಲಿನಲ್ಲಿರುವ ಕಿಣ್ವಗಳೂ ರಾಳವನ್ನು ಕೊರೆಯುತ್ತವೆ. ಅಗಿಯುವ ಮೇಲ್ಮೈಗೆ ಬಳಸುವ ಕಾಂಪೋಸಿಟ್ ಬಾಗಿಸುವ ಪರೀಕ್ಷೆಯಲ್ಲಿ ಕನಿಷ್ಠ 80 ಮೆಗಾಪಾಸ್ಕಲ್ ತಾಳಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಆದರೆ ಈ ಪರೀಕ್ಷೆ ನಡೆಯುವುದು ವಸ್ತುವು ನೀರಿನಲ್ಲಿ ಕೇವಲ 24 ಗಂಟೆ ನೆಂದಾಗ. ಡಬ್ಬಿಯ ಮೇಲಿನ ಬಲವು ಎಳೆಯ ವಯಸ್ಸಿನ ಬಲ. ವರ್ಷಗಳು ಉರುಳಿದಂತೆ ಅದು ತಗ್ಗುತ್ತದೆ.

ಇನ್ನೊಂದು ದೌರ್ಬಲ್ಯ ಹುಟ್ಟಿನಿಂದಲೇ ಬರುತ್ತದೆ. ಬೆಳಕು ಹಾಯಿಸಿ ಗಟ್ಟಿ ಮಾಡುವಾಗ ಇದು ಸ್ವಲ್ಪ ಕುಗ್ಗುತ್ತದೆ. ಒಮ್ಮೆಗೇ ದಪ್ಪನಾಗಿ ತುಂಬಿದರೆ ಅಂಚಿನಲ್ಲಿ ಸಂದು ಉಳಿಯುವ, ಒಳಭಾಗಕ್ಕೆ ಬೆಳಕು ತಲುಪದೆ ಮೆತ್ತಗೆ ಉಳಿಯುವ ಅಪಾಯವಿದೆ. ಆದ್ದರಿಂದ ಸಾಮಾನ್ಯವಾಗಿ ಎರಡು ಮಿಲಿಮೀಟರಿನ ಪದರಗಳಲ್ಲಿ ತುಂಬುತ್ತಾರೆ. ಕೆಲಸ ನಡೆಯುವಾಗ ಹಲ್ಲು ಒಣಗಿರಬೇಕು. ಜೊಲ್ಲು ಅಥವಾ ರಕ್ತ ತಾಗಿದರೆ ಅಂಟು ಹಿಡಿಯದು. ದಂತವೈದ್ಯರು ಹೆಚ್ಚು ಹೊತ್ತು ಬಾಯಿ ತೆರೆಸಿ ಕೂರಿಸಿದರೆ ಬೇಸರಪಡಬಾರದು. ಆ ಅರ್ಧ ಗಂಟೆಯ ತಾಳ್ಮೆಯು ತುಂಬಿದ ವಸ್ತುವಿನ ಆಯಸ್ಸಿಗೆ ವರ್ಷಗಳನ್ನು ಸೇರಿಸುತ್ತದೆ.

ಇಷ್ಟು ಕೇಳಿ ಕಾಂಪೋಸಿಟ್ ಕೆಟ್ಟದ್ದೆಂದು ತಿಳಿಯಬಾರದು. ಹಿಂದಿನ ಹಲ್ಲುಗಳಿಗೆ ತುಂಬಿದ ಕಾಂಪೋಸಿಟ್‌ಗಳನ್ನು ದೀರ್ಘಕಾಲ ಗಮನಿಸಿದ ಅಧ್ಯಯನಗಳಲ್ಲಿ ವರ್ಷಕ್ಕೆ ನೂರರಲ್ಲಿ ಒಂದರಿಂದ ಮೂರರಷ್ಟು ಮಾತ್ರ ವಿಫಲವಾಗುತ್ತವೆ. ಇದರರ್ಥ ಹತ್ತು ವರ್ಷಗಳ ಬಳಿಕವೂ ಬಹುಪಾಲು ಹಲ್ಲುಗಳಲ್ಲಿ ಅವು ಕೆಲಸ ಮಾಡುತ್ತಿರುತ್ತವೆ. ವಿಫಲವಾಗಲು ಮುಖ್ಯ ಕಾರಣಗಳು ಎರಡು: ಅಂಚಿನಡಿಯಲ್ಲಿ ಮತ್ತೆ ಹತ್ತುವ ಹುಳುಕು, ಮತ್ತು ಮುರಿತ.

ಗ್ಲಾಸ್ ಅಯಾನೊಮರ್: ನಿಧಾನವಾಗಿ ಬಲಿಯುವ ಸಿಮೆಂಟ್

ಲಂಡನ್ನಿನ ಸರ್ಕಾರಿ ರಸಾಯನ ಪ್ರಯೋಗಾಲಯದಲ್ಲಿ ಆಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ ಎಂಬ ವಿಜ್ಞಾನಿಗಳು ರೂಪಿಸಿದ ಈ ಸಿಮೆಂಟಿನ ವಿವರ 1972ರಲ್ಲಿ ಪ್ರಕಟವಾಯಿತು. ಫ್ಲೋರೈಡ್ ಉಳ್ಳ ವಿಶೇಷ ಗಾಜಿನ ಪುಡಿಯನ್ನು ಒಂದು ಬಗೆಯ ಆಮ್ಲದ ದ್ರಾವಣದೊಡನೆ ಕಲಸಿದಾಗ ಇದು ಗಟ್ಟಿಯಾಗುತ್ತದೆ. ಬೇರೆ ಅಂಟಿನ ಸಹಾಯವಿಲ್ಲದೆ ಹಲ್ಲಿನ ಸುಣ್ಣದಂಶದೊಡನೆ ತಾನೇ ಬೆಸೆದುಕೊಳ್ಳುವುದು ಇದರ ಹಿರಿಮೆ. ಫ್ಲೋರೈಡನ್ನು ಸ್ವಲ್ಪಸ್ವಲ್ಪವಾಗಿ ಹೊರಬಿಡುತ್ತದೆ. ಟೂತ್‌ಪೇಸ್ಟಿನಿಂದ ಮತ್ತೆ ತುಂಬಿಕೊಳ್ಳುತ್ತದೆ. ವಿದ್ಯುತ್ ಮತ್ತು ಯಂತ್ರಗಳಿಲ್ಲದ ಹಳ್ಳಿಗಳಲ್ಲಿ ಕೈ ಉಪಕರಣಗಳಿಂದಲೇ ಹುಳುಕನ್ನು ಕೆರೆದು ಈ ಸಿಮೆಂಟನ್ನು ತುಂಬುವ ಕ್ರಮ 1980ರ ದಶಕದಲ್ಲಿ ಆಫ್ರಿಕಾದ ಟಾಂಜಾನಿಯದಲ್ಲಿ ಆರಂಭವಾಗಿ ಅನೇಕ ದೇಶಗಳಿಗೆ ಹರಡಿತು.

ನಮ್ಮ ಸುಣ್ಣದ ಗಚ್ಚು ವರ್ಷ ಕಳೆದಂತೆ ಬಲಿಯುವ ಹಾಗೆ ಇದರ ಬಲವೂ ಮೊದಲ ವಾರ, ತಿಂಗಳುಗಳಲ್ಲಿ ಏರುತ್ತದೆ. ಆದರೆ ಮೊದಲ ದಿನ ಅದು ಬಹಳ ನಾಜೂಕು: ನೀರು ಹೆಚ್ಚು ತಾಗಿದರೆ ಮೇಲ್ಮೈ ಕರಗುತ್ತದೆ, ಪೂರ್ತಿ ಒಣಗಿದರೆ ಬಿರಿಯುತ್ತದೆ. ಅದಕ್ಕಾಗಿಯೇ ಮೇಲೆ ತೆಳುವಾದ ಲೇಪ ಹಚ್ಚುತ್ತಾರೆ. ಒತ್ತಡ ತಾಳುವ ಶಕ್ತಿ ಕನಿಷ್ಠ 100 ಮೆಗಾಪಾಸ್ಕಲ್ ಇರಬೇಕೆಂಬುದು ಮಾನದಂಡ. ಬಾಗಿಸಿದರೆ ಮಾತ್ರ ಇದು ಬೇಗನೆ ಮುರಿಯುತ್ತದೆ, ಅಗಿತಕ್ಕೆ ಹೆಚ್ಚು ಸವೆಯುತ್ತದೆ. ಆದ್ದರಿಂದ ಅಗಿಯುವ ಹಲ್ಲಿನ ದೊಡ್ಡ ಕುಳಿಗಿಂತ, ವಸಡಿನ ಅಂಚಿನ ಕುಳಿಗೆ, ಬೇರಿನ ಹುಳುಕಿಗೆ ಇದು ಹೆಚ್ಚು ಒಪ್ಪುತ್ತದೆ. ವೃದ್ಧರಿಗೆ ಹೆಚ್ಚಾಗಿ ಬರುವುದೂ ಅದೇ ಬಗೆಯ ಹುಳುಕು.

ಹಲ್ಲಿಗೂ ವಯಸ್ಸಾಗುತ್ತದೆ

ಇದುವರೆಗೆ ವಸ್ತುವಿನ ಮುಪ್ಪನ್ನು ನೋಡಿದೆವು. ಅದನ್ನು ಹೊತ್ತ ಹಲ್ಲಿಗೂ, ಬಾಯಿಗೂ ವಯಸ್ಸಾಗುತ್ತಿರುತ್ತದೆ. ಎನಾಮೆಲ್‌ನ ಕೆಳಗಿರುವ ಡೆಂಟಿನ್ ಎಂಬ ಪದರದಲ್ಲಿ ಅತಿ ಸಣ್ಣ ನಾಳಗಳಿವೆ. ವಯಸ್ಸಾದಂತೆ ಅವು ಖನಿಜದಿಂದ ತುಂಬಿ, ಹಲ್ಲು ಒಣಗಿದ ಬಿದಿರಿನಂತೆ ಪೆಡಸಾಗುತ್ತದೆ. ಒಮ್ಮೆ ಹುಟ್ಟಿದ ಬಿರುಕು ಸುಲಭವಾಗಿ ಮುಂದೆ ಸಾಗುತ್ತದೆ. ಹಲ್ಲಿನ ನಡುವಿನ ನರದ ಕೋಣೆ ಕಿರಿದಾಗುತ್ತದೆ. ಹೀಗಾಗಿ ಇಪ್ಪತ್ತರ ಯುವಕನಿಗೆ ರಾತ್ರಿಯಿಡೀ ನಿದ್ದೆ ಕೆಡಿಸುವಂಥ ಹುಳುಕು ಎಪ್ಪತ್ತರ ಹಿರಿಯರಿಗೆ ಸುಳಿವನ್ನೇ ಕೊಡದೆ ಆಳಕ್ಕಿಳಿಯಬಹುದು. ನೋವು ಬಂದಾಗ ತೋರಿಸೋಣವೆಂಬ ನಮ್ಮ ಹಳೆಯ ಲೆಕ್ಕ ಅರವತ್ತರ ನಂತರ ತಪ್ಪುವುದು ಇಲ್ಲಿಯೇ.

ವಾರ್ಧಕ್ಯದಲ್ಲಿ ವಾತವು ಪ್ರಧಾನವಾಗಿ ರೂಕ್ಷತೆ ಹೆಚ್ಚುತ್ತದೆಂದು ಆಯುರ್ವೇದ ಹೇಳುತ್ತದೆ. ಬಾಯಿ ಒಣಗುವುದಕ್ಕೆ ವಯಸ್ಸಿಗಿಂತಲೂ ಆ ವಯಸ್ಸಿನಲ್ಲಿ ಸೇವಿಸುವ ಔಷಧಿಗಳು ಹೆಚ್ಚು ಕಾರಣವೆಂದು ಆಧುನಿಕ ವೈದ್ಯರು ಕಂಡುಕೊಂಡಿದ್ದಾರೆ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಗುಳಿಗೆ, ಅಲರ್ಜಿಯ ಗುಳಿಗೆ, ಖಿನ್ನತೆಯ ಗುಳಿಗೆಗಳು ಜೊಲ್ಲನ್ನು ತಗ್ಗಿಸುತ್ತವೆ. ಸಕ್ಕರೆ ಕಾಯಿಲೆ ಹಿಡಿತದಲ್ಲಿರದಿದ್ದರೂ ಬಾಯಿ ಒಣಗುತ್ತದೆ. ಹುಳಿಯನ್ನು ತೊಳೆದು ತಣಿಸುವುದು ಜೊಲ್ಲಿನ ಕೆಲಸ. ಅದು ಕಡಿಮೆಯಾದರೆ ತುಂಬಿದ ವಸ್ತುವಿನ ಅಂಚಿನಲ್ಲಿ ಹುಳಿ ನಿಲ್ಲುತ್ತದೆ. ಎನಾಮೆಲ್ ಕರಗತೊಡಗುವುದು ಹುಳಿಯ ಪ್ರಮಾಣ ಸುಮಾರು 5.5 ಪಿಎಚ್‌ಗೆ ಇಳಿದಾಗ. ವಸಡು ಜರುಗಿ ತೆರೆದುಕೊಂಡ ಬೇರಾದರೋ 6.2ರಿಂದ 6.7ರ ಅಲ್ಪ ಹುಳಿಗೇ ಕರಗುತ್ತದೆ.

ಇಲ್ಲಿ ನನ್ನ ವೃತ್ತಿಯ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಿರಿಯರಿಗೆ ನಾವು ಲೇಹ್ಯ ಬರೆದುಕೊಡುತ್ತೇವೆ, ಜೇನಿನಲ್ಲಿ ಚೂರ್ಣ ನೆಕ್ಕಲು ಹೇಳುತ್ತೇವೆ, ಅರಿಷ್ಟ ಕುಡಿಸುತ್ತೇವೆ. ಲೇಹ್ಯ ಅಂಟುವ ಸಿಹಿ. ಅರಿಷ್ಟದಲ್ಲಿ ಸಿಹಿಯೂ ಉಂಟು, ಹುಳಿಯೂ ಉಂಟು. ರಾತ್ರಿ ಮಲಗುವಾಗ ಲೇಹ್ಯ ತಿಂದು ಬಾಯಿ ತೊಳೆಯದೆ ಮಲಗಿದರೆ, ಜೊಲ್ಲು ಅತ್ಯಂತ ಕಡಿಮೆಯಿರುವ ನಿದ್ರೆಯ ವೇಳೆಯಲ್ಲಿ ಸಿಹಿಯು ಹಲ್ಲಿನ ಅಂಚಿನಲ್ಲೇ ಉಳಿಯುತ್ತದೆ. ಬಾಯಿ ತೊಳೆಯಿರಿ ಎಂದು ಚೀಟಿಯ ಮೇಲೆ ಬರೆಯುವುದನ್ನು ನಾನು ಹಲವು ವರ್ಷ ಮರೆತಿದ್ದೆ. ಈಗ ಔಷಧದ ಹೆಸರಿನ ಕೆಳಗೇ ಬರೆಯುತ್ತೇನೆ.

ನಾವು ಪಾಲಿಸಬೇಕಾದ ಕ್ರಮ

ತುಂಬಿಸಿದ ಹಲ್ಲಿನಲ್ಲಿ ಈ ಮುಂದಿನ ಲಕ್ಷಣಗಳಲ್ಲಿ ಒಂದು ಕಂಡರೂ, ನೋವಿಲ್ಲದಿದ್ದರೂ, ದಂತವೈದ್ಯರಿಗೆ ತೋರಿಸಬೇಕು: ನಾಲಗೆಗೆ ಚೂಪಾದ ಅಂಚು ತಾಗುವುದು, ಒಂದೇ ಜಾಗದಲ್ಲಿ ಪದೇಪದೇ ಆಹಾರ ಸಿಕ್ಕಿಕೊಳ್ಳುವುದು, ತುಂಬಿದ ವಸ್ತುವಿನ ಸುತ್ತ ಕಂದು ಅಥವಾ ಕಪ್ಪು ಗೆರೆ ಮೂಡುವುದು, ಕಚ್ಚಿ ಬಿಡುವ ಕ್ಷಣದಲ್ಲಿ ಚುಚ್ಚಿದಂತಾಗುವುದು, ಸಿಹಿಗೋ ತಂಪಿಗೋ ಜುಮ್ಮೆನ್ನುವುದು, ಆ ಹಲ್ಲಿನ ಬಳಿ ವಸಡಿನಲ್ಲಿ ಗುಳ್ಳೆ ಏಳುವುದು. ಕಚ್ಚಿ ಬಿಡುವಾಗ ಚುಚ್ಚುವುದು ಬಿರುಕಿನ ಲಕ್ಷಣವಾಗಿರುವುದುಂಟು. ಅದನ್ನು ಅಲಕ್ಷಿಸಬಾರದು. ಏನೂ ಕಾಣದಿದ್ದರೂ ಅರವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ಬಾಯಿ ಒಣಗುವವರು ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಉತ್ತಮ. ಜಿಲ್ಲಾ ಆಸ್ಪತ್ರೆಗಳಲ್ಲಿ ದಂತ ವಿಭಾಗವಿರುತ್ತದೆ. ದಂತ ಮಹಾವಿದ್ಯಾಲಯಗಳ ಆಸ್ಪತ್ರೆಗಳಲ್ಲಿಯೂ ಕಡಿಮೆ ಖರ್ಚಿನಲ್ಲಿ ತೋರಿಸಬಹುದು.

ಹೋದಾಗ ಎಲ್ಲವನ್ನೂ ಕಿತ್ತು ಹೊಸದಾಗಿ ತುಂಬಬೇಕಾಗುತ್ತದೆಂಬ ಭಯ ಬೇಡ. ಅಂಚು ಸ್ವಲ್ಪ ಬಿಟ್ಟಿದ್ದರೆ ಅಷ್ಟನ್ನೇ ದುರಸ್ತಿ ಮಾಡಬಹುದು. ಪ್ರತಿ ಬಾರಿ ಪೂರ್ತಿ ತೆಗೆದು ತುಂಬಿದಾಗಲೂ ಕುಳಿ ದೊಡ್ಡದಾಗುತ್ತದೆ, ಹಲ್ಲು ಚಿಕ್ಕದಾಗುತ್ತದೆ. ಆದ್ದರಿಂದ, "ಇದನ್ನು ಇಷ್ಟಕ್ಕೇ ಸರಿಪಡಿಸಬಹುದೇ?" ಎಂದು ಕೇಳುವುದು ರೋಗಿಯ ಹಕ್ಕು. ಗೋಡೆಗಳು ತೀರ ತೆಳುವಾಗಿದ್ದರೆ, ಒಡೆಯುವ ಮೊದಲೇ ಹಲ್ಲಿಗೆ ಕ್ಯಾಪ್ ಹಾಕಿಸುವುದು ಲೇಸು. ಬಳಸಿದ ವಸ್ತು ಯಾವುದು, ಯಾವ ದಿನ ತುಂಬಿದ್ದು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ನೋಡುವ ವೈದ್ಯರಿಗೆ ಅದು ಉಪಯುಕ್ತ.

ಲವಂಗದ ಎಣ್ಣೆಯ ಬಗ್ಗೆ ಒಂದು ಮಾತು. ಅದು ತಾತ್ಕಾಲಿಕವಾಗಿ ನೋವು ತಗ್ಗಿಸುತ್ತದೆ, ನಿಜ. ಆದರೆ ಅದರಲ್ಲಿರುವ ಯೂಜಿನಾಲ್ ಎಂಬ ಅಂಶ ಕಾಂಪೋಸಿಟ್ ಸರಿಯಾಗಿ ಗಟ್ಟಿಯಾಗುವುದಕ್ಕೆ ಅಡ್ಡಿಯಾಗುತ್ತದೆ. ಹಚ್ಚಿಕೊಂಡಿದ್ದರೆ ದಂತವೈದ್ಯರಿಗೆ ಮರೆಯದೆ ತಿಳಿಸಬೇಕು.

ನಿತ್ಯದ ಆರೈಕೆ ಹೀಗಿರಲಿ. ಮೃದುವಾದ ಬ್ರಷ್‌ನಿಂದ ಬೆಳಿಗ್ಗೆ ಮತ್ತು ರಾತ್ರಿ ಹಲ್ಲುಜ್ಜಬೇಕು. ಇದ್ದಿಲು, ಇಟ್ಟಿಗೆ ಪುಡಿ, ಒಲೆಯ ಬೂದಿ, ಹರಳುಪ್ಪುಗಳು ತೆರೆದ ಬೇರನ್ನೂ ಕಾಂಪೋಸಿಟ್‌ನ ಮೇಲ್ಮೈಯನ್ನೂ ಗೀರಿ ಸವೆಸುತ್ತವೆ, ಅವನ್ನು ಬಿಡಬೇಕು. ಬೇವಿನ ಕಡ್ಡಿ ಬಳಸುವವರು ತುದಿಯನ್ನು ಚೆನ್ನಾಗಿ ಜಗಿದು ಕುಂಚದಂತೆ ಮೆತ್ತಗೆ ಮಾಡಿಕೊಳ್ಳಬೇಕು. ಫ್ಲೋರೈಡ್ ಇರುವ ಟೂತ್‌ಪೇಸ್ಟ್ ಅಂಚಿನ ಹುಳುಕನ್ನು ತಡೆಯುತ್ತದೆ. ನಮ್ಮ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂದು ಕೆಲವರು ಹಿಂಜರಿಯುತ್ತಾರೆ. ಕುಡಿದ ಫ್ಲೋರೈಡ್ ದೇಹಕ್ಕೆ ಸೇರುತ್ತದೆ. ವಯಸ್ಕರು ಪೇಸ್ಟನ್ನು ಉಗುಳುತ್ತಾರೆ, ಅದು ಹಲ್ಲಿನ ಮೇಲ್ಮೈಯಲ್ಲಷ್ಟೇ ಕೆಲಸ ಮಾಡುತ್ತದೆ. ಇವೆರಡನ್ನೂ ಒಂದೇ ಎಂದು ಭಾವಿಸಬಾರದು.

ಎಳ್ಳೆಣ್ಣೆಯ ಗಂಡೂಷ, ಅಂದರೆ ಬಾಯಿ ತುಂಬ ಎಣ್ಣೆಯನ್ನು ಅಲುಗಿಸದೆ ಹಿಡಿದುಕೊಳ್ಳುವುದು, ಒಣಗಿದ ಬಾಯಿಗೆ ಸ್ನಿಗ್ಧತೆಯನ್ನೂ ವಸಡಿಗೆ ಹಿತವನ್ನೂ ಕೊಡುತ್ತದೆ. ಆದರೆ ಬಿರಿದ ತುಂಬುವಸ್ತುವನ್ನು ಅದು ಕೂಡಿಸದು, ಹುಳುಕಿನ ಕುಳಿಯನ್ನು ಮುಚ್ಚದು. ಗಂಡೂಷ ಮಾಡುತ್ತಿದ್ದೇನೆಂದು ದಂತವೈದ್ಯರ ಭೇಟಿಯನ್ನು ಮುಂದೂಡಬಾರದು. ಊಟವಾದ ಕೂಡಲೇ, ಲೇಹ್ಯ ತಿಂದ ಕೂಡಲೇ ನೀರಿನಿಂದ ಬಾಯಿ ಮುಕ್ಕಳಿಸುವುದನ್ನು ರೂಢಿಸಿಕೊಳ್ಳಬೇಕು.

ಅಡಿಕೆ ಜಗಿಯುವ ಅಭ್ಯಾಸವನ್ನು ಬಿಡಲು ಕಾರಣಗಳು ಅನೇಕ. ತುಂಬಿಸಿದ ಹಲ್ಲು ಇನ್ನೊಂದು ಕಾರಣ. ಗಟ್ಟಿ ಅಡಿಕೆಯನ್ನು ದಿನವಿಡೀ ಅಗಿಯುವುದರಿಂದ ಹಲ್ಲೂ ಸವೆಯುತ್ತದೆ, ತುಂಬಿದ್ದೂ ಬಿರಿಯುತ್ತದೆ. ಹಲ್ಲಿನಿಂದ ದಾರ ಕಡಿಯುವುದು, ಬಾಟಲಿಯ ಮುಚ್ಚಳ ತೆಗೆಯುವುದು ಬೇಡ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಮನೆಯವರಿಂದ ಕೇಳಿ ತಿಳಿದು ವೈದ್ಯರಿಗೆ ಹೇಳಬೇಕು. ರಾತ್ರಿ ಹಾಕಿಕೊಳ್ಳುವ ರಕ್ಷಾಫಲಕ ದೊರೆಯುತ್ತದೆ. ಕಟಕ ರೊಟ್ಟಿಯನ್ನು ಬಿಡಬೇಕಿಲ್ಲ. ಸಾರಿನಲ್ಲೋ ಮೊಸರಿನಲ್ಲೋ ನೆನೆಸಿ ತಿಂದರೆ ಸಾಕು.

ನನ್ನ ಬಲದವಡೆಯಲ್ಲಿ ಆ ಒಂದು ಹಲ್ಲಿನ ಜಾಗ ಇಂದಿಗೂ ಖಾಲಿಯಿದೆ. ಹೋದ ಹಲ್ಲು ಮರಳಿ ಬಾರದು. ಎಡಗಡೆಯಲ್ಲಿಯೂ ಅದೇ ಕಾಲದಲ್ಲಿ ತುಂಬಿಸಿದ ಇನ್ನೊಂದು ಹಲ್ಲಿತ್ತು. ಅದರಲ್ಲಿ ನೋವಿರಲಿಲ್ಲ, ಕಣ್ಣಿಗೆ ಕಾಣುವ ದೋಷವೂ ಇರಲಿಲ್ಲ. ಆದರೂ ಹೋಗಿ ತೋರಿಸಿದೆ. ಬೆಳ್ಳಿಯ ಪಕ್ಕದ ಗೋಡೆಯಲ್ಲಿ ಎಳೆಯಂಥ ಬಿರುಕು ಸಿಕ್ಕಿತು, ಕ್ಯಾಪ್ ಹಾಕಿದರು. ಕಳೆದ ಎಳ್ಳಮಾವಾಸ್ಯೆಗೆ ಸಜ್ಜೆರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿಕೊಂಡು ಆ ಹಲ್ಲಿನಿಂದಲೇ ಅಗಿದೆ. ನಿಮ್ಮ ಮನೆಯಲ್ಲಿಯೂ ಹತ್ತು, ಇಪ್ಪತ್ತು ವರ್ಷಗಳ ಹಿಂದೆ ಹಲ್ಲು ತುಂಬಿಸಿಕೊಂಡ ಹಿರಿಯರಿರುತ್ತಾರೆ. ನೋವಿದೆಯೇ ಎಂದು ಅವರನ್ನು ಕೇಳುತ್ತ ಕೂರದೆ, ಈ ತಿಂಗಳಿನಲ್ಲಿಯೇ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿರಿ.